ಮಂಡಿ ನೋವಿಗೆ ಇಂಜೆಕ್ಷನ್: ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿಗೆ ಇಂಜೆಕ್ಷನ್ ಕೊಡುವವರು ಮೂಳೆ ಡಾಕ್ಟರು. ಆದರೆ ಹಾಕಿಸಿಕೊಳ್ಳುವ ಮುಂಚಿನ ಭಯ, ಹಾಕಿಸಿಕೊಂಡ ಮೇಲಿನ ಅನುಮಾನ ಎಲ್ಲವನ್ನೂ ಜನ ನಮ್ಮ ಹತ್ತಿರವೇ ಕೇಳುತ್ತಾರೆ. ಪಾಂಡವಪುರ, ಮದ್ದೂರು, ನಂಜನಗೂಡು ಕಡೆಯಿಂದ ಬೆಳಗ್ಗೆಯೇ ಹೊರಟು ಬಂದು, ಗಂಟೆಗಟ್ಟಲೆ ಕಾದು, ಡಾಕ್ಟರ ಎದುರು ಐದು ನಿಮಿಷ ಕೂತವರಿಗೆ ಎಲ್ಲ ಕೇಳಲು ಆಗಲ್ಲ ಅಲ್ವಾ? ಅಂಥ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಿಮ್ಮ ಮಂಡಿಗೆ ಏನು ಬೇಕು ಅನ್ನುವುದನ್ನು ಮಾತ್ರ ನಿಮ್ಮನ್ನು ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು.

ಮಂಡಿಗೆ ಸೂಜಿ ಹಾಕಿಸಿದರೆ ಸವೆತ ಸರಿಹೋಗುತ್ತಾ?

ಇಲ್ಲ. ನೋವು ಕಡಿಮೆಯಾಗಬಹುದು, ಊತ ಇಳಿಯಬಹುದು, ಮೆಟ್ಟಿಲು ಹತ್ತುವುದು ಸಲೀಸಾಗಬಹುದು. ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಗಳ ತುದಿಗೆ ಇರುವ ನುಣುಪಾದ ಹೊದಿಕೆ) ಮತ್ತೆ ಮೊದಲಿನ ಹಾಗಾಗುತ್ತದೆ ಅಂತ ಯಾವ ಇಂಜೆಕ್ಷನ್ ವಿಷಯದಲ್ಲೂ ಸಾಬೀತಾಗಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದರೆ ಮುಂದಿನ ಎಲ್ಲ ಉತ್ತರಗಳಿಗೂ ಇದೇ ಬುಡ. ಇಂಜೆಕ್ಷನ್‌ನಿಂದ ಸಿಗುವುದು ನೋವು ಕಡಿಮೆ ಇರುವ ಒಂದಷ್ಟು ವಾರಗಳು. ಆ ವಾರಗಳಲ್ಲಿ ತೊಡೆಯ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡವರಿಗೆ ಲಾಭ ಉಳಿಯುತ್ತದೆ. ನೋವು ಹೋಯ್ತು ಅಂತ ಸುಮ್ನೆ ಕೂತವರು ಅಥವಾ ಮಾರನೇ ದಿನವೇ ಗದ್ದೆಗೆ ಇಳಿದವರು ಸಾಮಾನ್ಯವಾಗಿ ಮೂರು ತಿಂಗಳಿಗೆ ಅದೇ ನೋವು ಹೊತ್ತುಕೊಂಡು ವಾಪಸ್ ಬರುತ್ತಾರೆ.

ಎಲ್ಲ ಇಂಜೆಕ್ಷನ್ ಒಂದೇನಾ? ಪಕ್ಕದ ಮನೆಯವರಿಗೆ ಒಂದಕ್ಕೇ ಗುಣವಾಯ್ತು, ನನಗೆ ಮೂರು ಅಂದಿದ್ದಾರೆ.

ಒಂದೇ ಅಲ್ಲ. ಮಂಡಿಯೊಳಗೆ ಕೊಡುವುದರಲ್ಲಿ ಮುಖ್ಯವಾಗಿ ಮೂರು ಬಗೆ ಇವೆ: ಸ್ಟೀರಾಯ್ಡ್, ಜೆಲ್ ಅಂತ ಕರೆಯುವ ಹಯಲುರಾನಿಕ್ ಆಸಿಡ್, ನಿಮ್ಮ ರಕ್ತದಿಂದಲೇ ತಯಾರಿಸುವ ಪಿಆರ್‌ಪಿ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಅಂತ ಹೇಳಿ ಕೊಡುವವರೂ ಇದ್ದಾರೆ. ಇವು ಮಾಡುವ ಕೆಲಸ ಬೇರೆ, ಬೆಲೆ ಬೇರೆ, ಹಿಂದಿರುವ ಪುರಾವೆಯೂ ಬೇರೆ. ಹಾಗಾಗಿ ಮೊದಲು ಕೇಳಬೇಕಾದ್ದು ಔಷಧದ ಹೆಸರು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ವರ್ಷದ ಹಿಂದೆ ಯಾವುದೋ ಇಂಜೆಕ್ಷನ್ ಹಾಕಿಸಿದ್ದೆ, ಯಾವುದು ಅಂತ ಗೊತ್ತಿಲ್ಲ ಅನ್ನುವವರು ಎಷ್ಟೊಂದು ಜನ! ಮುಂದಿನ ಡಾಕ್ಟರಿಗೆ ಅದು ಬಹಳ ಮುಖ್ಯದ ಮಾಹಿತಿ.

ಯಾವ ಮಂಡಿ ನೋವಿಗೆ ಬೇಕಾದರೂ ಹಾಕಿಸಬಹುದಾ?

ಇಲ್ಲ, ಇಲ್ಲೇ ಜನ ಎಡವುವುದು. ನಲವತ್ತೈದು, ಐವತ್ತು ದಾಟಿದವರಲ್ಲಿ ನಡೆದಾಗ ನೋವು, ಕೂತು ಎದ್ದಾಗ ಸ್ವಲ್ಪ ಹೊತ್ತು ಬಿಗಿತ, ಮೆಟ್ಟಿಲು ಇಳಿಯುವಾಗ ಜಾಸ್ತಿ ಅನ್ನುವುದಾದರೆ ಅದು ಹೆಚ್ಚಾಗಿ ಸವೆತದ ನೋವು, ಆಸ್ಟಿಯೋಆರ್ಥ್ರೈಟಿಸ್. ಇಲ್ಲಿ ನಾನು ಬರೆದಿರುವುದೆಲ್ಲ ಅದರ ಬಗ್ಗೆ. ಬೆಳಗ್ಗೆ ಎದ್ದಾಗ ಗಂಟೆಗಟ್ಟಲೆ ಬಿಗಿತ ಇದ್ದು ಕೈಬೆರಳ ಗೆಣ್ಣುಗಳೂ ಊದಿದ್ದರೆ ರುಮಟಾಯ್ಡ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ವಾತ ಇರಬಹುದು. ಅದಕ್ಕೆ ಮಾತ್ರೆಗಳೇ ಮುಖ್ಯ, ಬರೀ ಮಂಡಿಗೆ ಚುಚ್ಚಿದರೆ ರೋಗ ಒಳಗೇ ಬೆಳೆಯುತ್ತದೆ. ರಾತ್ರೋರಾತ್ರಿ ಕೆಂಪಾಗಿ ಊದಿ ಮುಟ್ಟಲೂ ಆಗದಿದ್ದರೆ ಗೌಟ್ (ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಕೀಲು ನೋವು) ಇರಬಹುದು, ಸೋಂಕೂ ಇರಬಹುದು. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕೀಲು ನೋವು ಇನ್ನೊಂದು ಬಗೆ. ಕೆಲವರಿಗೆ ಮಂಡಿ ಚೆನ್ನಾಗೇ ಇರುತ್ತದೆ, ನೋವು ಸೊಂಟದ ನರದಿಂದ ಅಥವಾ ಸೊಂಟದ ಕೀಲಿನಿಂದ ಇಳಿದು ಬಂದಿರುತ್ತದೆ. ಇವನ್ನೆಲ್ಲ ವಿಂಗಡಿಸಿ ನೋಡದೆ, ಕಾಲು ಮಡಚಿಸಿ ಬಿಡಿಸಿ ಪರೀಕ್ಷೆ ಮಾಡದೆ ನೇರವಾಗಿ ಸೂಜಿಗೆ ಕೈ ಹಾಕುವ ಕಡೆ ನೀವು ಸ್ವಲ್ಪ ನಿಧಾನಿಸಿ.

ಎಕ್ಸ್‌ರೇಯಲ್ಲಿ ಗ್ರೇಡ್ 3 ಅಂತ ಬರೆದಿದ್ದಾರೆ. ಅಂದರೆ ಕೆಟ್ಟುಹೋಯ್ತಾ?

ಈ ಗ್ರೇಡ್ ಪದ್ಧತಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು 1957ರಲ್ಲಿ ಕೊಟ್ಟರು. ಸೊನ್ನೆಯಿಂದ 4ರವರೆಗೆ ಇದೆ. ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಮೂಳೆ ಎಷ್ಟು ಚೂಪಾಗಿ ಬೆಳೆದಿದೆ ಅಂತ ನೋಡಿ ಹೇಳುತ್ತಾರೆ. ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಆಗಿದ್ದರೆ ಸಂದು ಸರಿಯಾಗಿ ಕಾಣುತ್ತದೆ, ಮಲಗಿಸಿ ತೆಗೆದದ್ದರಲ್ಲಿ ಅಷ್ಟು ನಿಖರ ಇರುವುದಿಲ್ಲ.

ಆದರೆ ಎಕ್ಸ್‌ರೇಗೂ ನೋವಿಗೂ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಗ್ರೇಡ್ 3 ಇದ್ದೂ ಆರಾಮಾಗಿ ಕುಕ್ಕರಹಳ್ಳಿ ಕೆರೆ ಸುತ್ತುವವರು ಇದ್ದಾರೆ, ಗ್ರೇಡ್ 1ಕ್ಕೇ ನಿದ್ದೆ ಕೆಟ್ಟವರೂ ಇದ್ದಾರೆ. ಚಿಕಿತ್ಸೆ ಮಾಡಬೇಕಾದ್ದು ನಿಮಗೆ, ಫಿಲ್ಮಿಗಲ್ಲ. ಒಂದು ಮಾತು ಮಾತ್ರ ನಿಜ: ಗ್ರೇಡ್ 4 ಆಗಿ ಮೂಳೆಗೆ ಮೂಳೆ ತಾಗುತ್ತಾ ಕಾಲು ಬಿಲ್ಲಿನ ಹಾಗೆ ಬಾಗಿದ್ದರೆ, ಇಂಜೆಕ್ಷನ್‌ನಿಂದ ಸಿಗುವ ಆರಾಮ ಸಾಮಾನ್ಯವಾಗಿ ಕಡಿಮೆ.

ಸ್ಟೀರಾಯ್ಡ್ ಅಂದರೆ ಭಯ. ಮೈಯೆಲ್ಲ ಊದಿಕೊಳ್ಳುತ್ತಾ?

ಈ ಭಯ ಸುಮ್ನೆ ಬಂದದ್ದಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿ ಮುಖ ಊದಿ, ಮೂಳೆ ಟೊಳ್ಳಾಗಿ, ಶುಗರ್ ಬಂದವರನ್ನು ನಮ್ಮ ಊರುಗಳಲ್ಲಿ ಎಲ್ಲರೂ ನೋಡಿದ್ದಾರೆ. ಮಂಡಿಯೊಳಗೆ ಒಂದು ಸಲ ಕೊಡುವುದು ಅದಕ್ಕಿಂತ ಬಹಳ ಬೇರೆ ವಿಷಯ. ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್, 40 ಮಿಲಿಗ್ರಾಂ ಆಸುಪಾಸು. ಔಷಧದ ಬಹುಪಾಲು ಕೀಲಿನಲ್ಲೇ ಕೆಲಸ ಮಾಡುತ್ತದೆ. ಸ್ವಲ್ಪ ರಕ್ತಕ್ಕೂ ಸೇರುತ್ತದೆ, ಅದರಿಂದ ಕೆಲವರಿಗೆ ಒಂದೆರಡು ದಿನ ಮುಖ ಕೆಂಪಾಗುತ್ತದೆ, ನಿದ್ದೆ ಬರಲ್ಲ, ಹೆಂಗಸರಿಗೆ ಮುಟ್ಟಿನಲ್ಲಿ ಏರುಪೇರು ಆಗಬಹುದು. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳುವುದು, ಸ್ವಲ್ಪ ಗುಳಿ ಬೀಳುವುದು ಅಪರೂಪಕ್ಕೆ ಉಂಟು.

ಕೆಲಸ ಮಾಡುವ ರೀತಿ ಹೀಗೆ: ಸವೆದ ಕೀಲಿನ ಒಳಪೊರೆ ಕೆರಳಿ ಉರಿಯೂತವಾಗಿರುತ್ತದೆ, ಅದರಿಂದಲೇ ಊತ, ನೀರು, ನೋವು. ಸ್ಟೀರಾಯ್ಡ್ ಆ ಉರಿಯೂತವನ್ನು ತಣಿಸುತ್ತದೆ. ಊದಿ ಬಿಸಿಯಾದ ಮಂಡಿಗೆ ಇದು ಚೆನ್ನಾಗಿ ಕೇಳುತ್ತದೆ.

ಇನ್ನೊಂದು ವಿಷಯ, ಇದನ್ನು ಮೊದಲೇ ಹೇಳದಿದ್ದರೆ ಜನ ಗಾಬರಿ ಬೀಳುತ್ತಾರೆ. ಔಷಧದ ಜೊತೆ ಮರಗಟ್ಟಿಸುವ ಮದ್ದನ್ನೂ ಸೇರಿಸಿ ಕೊಡುವುದುಂಟು. ಹಾಗಾಗಿ ಆಸ್ಪತ್ರೆಯಿಂದ ಹೊರಬರುವಾಗ ನೋವೇ ಇರುವುದಿಲ್ಲ, ಸಂಜೆಗೆ ಮತ್ತೆ ಶುರುವಾಗುತ್ತದೆ, ಕೆಲವರಿಗೆ ಒಂದೆರಡು ದಿನ ಮೊದಲಿಗಿಂತ ಜಾಸ್ತಿಯೇ ಆಗಬಹುದು. ಇಂಜೆಕ್ಷನ್ ಫೇಲ್ ಆಯ್ತು ಅಂತ ಅಂದುಕೊಳ್ಳಬೇಡಿ. ಐಸ್ ಇಡಿ, ಕಾಲಿಗೆ ವಿಶ್ರಾಂತಿ ಕೊಡಿ. ನಿಜವಾದ ಪರಿಣಾಮ ಎರಡು ಮೂರು ದಿನದಿಂದ ಒಂದು ವಾರದೊಳಗೆ ಗೊತ್ತಾಗುತ್ತದೆ. ಉಳಿಯುವುದು ಕೆಲವು ವಾರ, ಅದೃಷ್ಟ ಇದ್ದರೆ ಮೂರು ತಿಂಗಳು.

ಶುಗರ್ ಇದೆ. ಹಾಕಿಸಬಹುದಾ?

ಹಾಕಿಸಬಹುದು, ಆದರೆ ಹೇಳಿ ಹಾಕಿಸಿ. ಸ್ಟೀರಾಯ್ಡ್ ಆದ ದಿನದಿಂದಲೇ ಶುಗರ್ ಏರಬಹುದು, ಮೊದಲ ಎರಡು ಮೂರು ದಿನ ಜಾಸ್ತಿ ಇದ್ದು ಸುಮಾರು ಒಂದು ವಾರದೊಳಗೆ ಇಳಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಏರಿಕೆ ಹೆಚ್ಚು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಆ ವಾರ ದಿನಕ್ಕೆ ಎರಡು ಸಲ ನೋಡಿಕೊಳ್ಳಿ, ಇಲ್ಲದಿದ್ದರೆ ಯಾರದ್ದಾದರೂ ತನ್ನಿ. ಸಂಖ್ಯೆ ನೋಡಿ ಗಾಬರಿಯಾಗಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನೀವೇ ಏರಿಸಬೇಡಿ, ಶುಗರ್ ಡಾಕ್ಟರಿಗೆ ಫೋನ್ ಮಾಡಿ. ಶುಗರ್ ಈಗಾಗಲೇ ಹತೋಟಿ ತಪ್ಪಿದ್ದರೆ ಮೊದಲು ಅದನ್ನು ಇಳಿಸಿಕೊಂಡು ಆಮೇಲೆ ಮಂಡಿಯ ಕಡೆ ಬನ್ನಿ, ಯಾಕಂದರೆ ಸೋಂಕಿನ ಭಯವೂ ಆಗ ಜಾಸ್ತಿ.

ಹಾಗಂತ ಶುಗರ್ ಇರುವವರಿಗೆ ನೋವಿನ ಮಾತ್ರೆ ಒಳ್ಳೆಯದು ಅಂತಲೂ ಅಲ್ಲ. ಶುಗರ್, ಬಿಪಿ ಎರಡೂ ಇದ್ದು, ಕಿಡ್ನಿ ಸ್ವಲ್ಪ ಸೋತಿರುವ ಹಿರಿಯರು ಮೆಡಿಕಲ್ ಶಾಪಿನಿಂದ ದಿನಾ ಡೈಕ್ಲೊಫೆನಾಕ್ ತಂದು ನುಂಗುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತರುವ ವಿಷಯ. ಅಂಥವರಿಗೆ ಸರಿಯಾಗಿ ನೋಡಿ ಕೊಟ್ಟ ಒಂದು ಇಂಜೆಕ್ಷನ್ ಎಷ್ಟೋ ಮೇಲು.

ಚೆನ್ನಾಗಿ ಕೆಲಸ ಮಾಡಿತು. ಮೂರು ತಿಂಗಳಿಗೊಮ್ಮೆ ಹಾಕಿಸುತ್ತಾ ಇರಬಹುದಾ?

ಬೇಡ. ಒಂದು ಮಂಡಿಗೆ ಎರಡರ ನಡುವೆ ಕನಿಷ್ಠ ಮೂರು ತಿಂಗಳ ಅಂತರ, ವರ್ಷಕ್ಕೆ ಮೂರು ನಾಲ್ಕು ದಾಟಬಾರದು ಅಂತ ಡಾಕ್ಟರು ಹೇಳುತ್ತಾರೆ. ಅದು ಗರಿಷ್ಠ ಮಿತಿ. ಅಷ್ಟು ಹಾಕಿಸಲೇಬೇಕು ಅಂತ ಅದರ ಅರ್ಥ ಅಲ್ಲ.

ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 140 ಜನ. ಅರ್ಧ ಜನಕ್ಕೆ 12 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್, ಉಳಿದವರಿಗೆ ಬರೀ ಸಲೈನ್, ಅಂದರೆ ಔಷಧವಿಲ್ಲದ ಉಪ್ಪು ನೀರು, ಎರಡು ವರ್ಷ. ಕೊನೆಗೆ ನೋವಿನಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸ್ಟೀರಾಯ್ಡ್ ಪಡೆದವರ ಕಾರ್ಟಿಲೇಜ್ 0.21 ಮಿಲಿಮೀಟರ್ ತೆಳುವಾಗಿತ್ತು, ಸಲೈನ್ ಪಡೆದವರದ್ದು 0.10. ಒಂದೆರಡು ಸಲ ಹಾಕಿಸಿದವರು ಇದನ್ನು ಓದಿ ಹೆದರಬೇಕಾಗಿಲ್ಲ. ಕ್ಯಾಲೆಂಡರ್ ನೋಡಿ ತಪ್ಪದೆ ಹಾಕಿಸಿಕೊಳ್ಳುವ ಅಭ್ಯಾಸ ಮಾತ್ರ ಬೇಡ. ಮಗಳ ಮದುವೆ, ಯಾತ್ರೆ, ಊತ ವಿಪರೀತವಾದ ಸಮಯ, ಹೀಗೆ ನಿಜವಾಗಿ ಬೇಕಾದಾಗ ಬಳಸುವ ಔಷಧ ಇದು.

ಜೆಲ್ ಇಂಜೆಕ್ಷನ್ ಹಾಕಿಸಿದರೆ ಮಂಡಿಗೆ ಗ್ರೀಸ್ ಹಾಕಿದ ಹಾಗೆ ಅಂತಾರೆ. ನಿಜಾನಾ?

ಹೆಸರು ಹಾಗೆ ಹಬ್ಬಿದೆ. ಕೀಲಿನೊಳಗೆ ಸಹಜವಾಗಿ ಇರುವ ಜಿಡ್ಡಿನ ದ್ರವದಲ್ಲಿ ಹಯಲುರಾನಿಕ್ ಆಸಿಡ್ ಇರುತ್ತದೆ, ಸವೆತದಲ್ಲಿ ಅದು ತೆಳುವಾಗುತ್ತದೆ. ಅದನ್ನೇ ಹೊರಗಿನಿಂದ ತುಂಬುವುದು ಈ ಚಿಕಿತ್ಸೆಯ ಯೋಚನೆ. ಕೆಲವು ಬ್ರಾಂಡ್ ಒಂದೇ ಸಲ, ಕೆಲವು ವಾರಕ್ಕೊಂದರಂತೆ ಮೂರರಿಂದ ಐದು. ನಿಮಗೆ ಮೂರು ಅಂದಿದ್ದರೆ ಬಹುಶಃ ಇದೇ ಇರಬೇಕು.

ಯೋಚನೆ ಚೆನ್ನಾಗಿದೆ, ಫಲ ಅಷ್ಟಾಗಿ ಇಲ್ಲ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 169 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಅದರಲ್ಲಿ ದೊಡ್ಡ ಅಧ್ಯಯನಗಳನ್ನು ತೆಗೆದುಕೊಂಡರೆ, ಔಷಧವಿಲ್ಲದ ಸುಳ್ಳು ಇಂಜೆಕ್ಷನ್‌ಗಿಂತ ಜೆಲ್‌ನಿಂದ ಹೆಚ್ಚಾಗಿ ಇಳಿದ ನೋವು ನೂರರ ಅಳತೆಯಲ್ಲಿ ಸುಮಾರು 2. ಇಷ್ಟು ಸಣ್ಣ ವ್ಯತ್ಯಾಸ ನಡೆಯುವವರಿಗೆ ಗೊತ್ತೇ ಆಗುವುದಿಲ್ಲ. ಅಮೆರಿಕದ ಮೂಳೆ ಸರ್ಜನ್‌ಗಳ ಸಂಘ 2021ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಮಾಮೂಲಾಗಿ ಎಲ್ಲರಿಗೂ ಕೊಡಬೇಡಿ ಅಂದಿದೆ. ಆರಾಮ ಸಿಕ್ಕಿದೆ ಅನ್ನುವವರನ್ನು ನಾನೂ ನೋಡಿದ್ದೇನೆ, ಅವರ ಮಾತು ಸುಳ್ಳಲ್ಲ. ಆದರೆ ಕಬ್ಬಿನ ದುಡ್ಡು ಕೈಗೆ ಬರಲೆಂದು ಕಾಯುತ್ತಿರುವ ಮನೆಯವರು ಸಾಲ ಮಾಡಿ ಹಾಕಿಸುವಷ್ಟು ಇದರಲ್ಲಿ ಏನೂ ಇಲ್ಲ ಅಂತ ನೇರವಾಗಿ ಹೇಳುತ್ತೇನೆ.

ನಾವು ಸಸ್ಯಾಹಾರಿಗಳು. ಜೆಲ್ ಅನ್ನು ಕೋಳಿಯಿಂದ ಮಾಡುತ್ತಾರಂತೆ?

ಕೆಲವನ್ನು ಹೌದು, ಕೋಳಿಯ ಜುಟ್ಟಿನಿಂದ ತೆಗೆಯುತ್ತಾರೆ. ಉಳಿದವನ್ನು ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ಪ್ಯಾಕೆಟ್ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ, ಸಂಕೋಚ ಇಲ್ಲದೆ ಕೇಳಿ. ಮೊಟ್ಟೆ, ಕೋಳಿ ಅಲರ್ಜಿ ಇರುವವರಂತೂ ಕೇಳಲೇಬೇಕು.

ಪಿಆರ್‌ಪಿ ನಮ್ಮದೇ ರಕ್ತ ಅಲ್ವಾ? ತೊಂದರೆ ಇಲ್ಲವಲ್ಲ?

ತೊಂದರೆ ಕಡಿಮೆ, ಸರಿ. ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರೆ ಮಾಡಿ ಮಂಡಿಗೆ ಕೊಡುತ್ತಾರೆ. ಪ್ಲೇಟ್‌ಲೆಟ್‌ಗಳಲ್ಲಿ ಗಾಯ ಮಾಯಿಸುವ ಅಂಶಗಳಿವೆ, ಅವು ಕೀಲಿಗೂ ನೆರವಾಗಲಿ ಅನ್ನುವ ಆಸೆ. ಹಾಕಿಸಿದ ಮೇಲೆ ಕೆಲವು ದಿನ ನೋವು, ಊತ ಬರುವುದು ಸ್ಟೀರಾಯ್ಡ್‌ಗಿಂತ ಇದರಲ್ಲಿ ಜಾಸ್ತಿ.

ಫಲ ಕೊಡುತ್ತಾ ಅನ್ನುವುದೇ ಪ್ರಶ್ನೆ. ಇದರ ಪರವಾಗಿ ಬಂದಿರುವ ಅಧ್ಯಯನಗಳೂ ಇವೆ, ಆದರೆ ಹಲವು ಸಣ್ಣವು. ಚೆನ್ನಾಗಿ ನಡೆದದ್ದರಲ್ಲಿ ಒಂದು ಆಸ್ಟ್ರೇಲಿಯಾದ್ದು, 2021ರಲ್ಲಿ ಪ್ರಕಟವಾಯಿತು. ಸಾಧಾರಣ ಸವೆತ ಇರುವ 288 ಜನ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್, ಕೆಲವರಿಗೆ ಪಿಆರ್‌ಪಿ, ಕೆಲವರಿಗೆ ಸಲೈನ್, ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ವರ್ಷದ ನಂತರ ಹತ್ತರ ಅಳತೆಯಲ್ಲಿ ಪಿಆರ್‌ಪಿ ಪಡೆದವರ ನೋವು 2.1 ಇಳಿದಿತ್ತು, ಸಲೈನ್ ಪಡೆದವರದ್ದು 1.8. ಹೆಚ್ಚು ಕಮ್ಮಿ ಒಂದೇ. ಕಾರ್ಟಿಲೇಜ್‌ನಲ್ಲೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಬರೀ ಉಪ್ಪು ನೀರು ಪಡೆದವರಿಗೂ ನೋವು ಇಳಿದಿದೆ! ಯಾಕೆ? ಸವೆತದ ನೋವು ಏರುತ್ತದೆ, ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ನೋವು ತುಂಬಾ ಏರಿದಾಗ, ಅದು ಆಮೇಲೆ ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಜೊತೆಗೆ ಚಿಕಿತ್ಸೆ ಸಿಕ್ಕಿದೆ ಅನ್ನುವ ನೆಮ್ಮದಿಯೂ ನೋವನ್ನು ನಿಜವಾಗಿಯೇ ತಗ್ಗಿಸುತ್ತದೆ. ಅದಕ್ಕೇ ಯಾರೋ ಒಬ್ಬರಿಗೆ ವಾಸಿಯಾಯ್ತು ಅನ್ನುವ ಮಾತು ಕೇಳಿ ದುಬಾರಿ ಚಿಕಿತ್ಸೆ ಆರಿಸಿಕೊಳ್ಳಬಾರದು.

ಸ್ಟೆಮ್ ಸೆಲ್ ಹಾಕಿದರೆ ಹೊಸ ಕಾರ್ಟಿಲೇಜ್ ಬೆಳೆಯುತ್ತೆ ಅಂತ ಜಾಹೀರಾತು ನೋಡಿದೆ.

ಮೂಳೆಮಜ್ಜೆಯಿಂದ, ಕೊಬ್ಬಿನಿಂದ, ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು ಸಾಮಾನ್ಯ ಸ್ಟೀರಾಯ್ಡ್ ಜೊತೆ ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನ 2023ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲು ಅಂತ ಕಾಣಲಿಲ್ಲ. ಯಾರಾದರೂ ಲಕ್ಷಗಟ್ಟಲೆ ಹೇಳಿದರೆ ಮೂರು ವಿಷಯ ಬರಹದಲ್ಲಿ ಕೇಳಿ: ಉತ್ಪನ್ನದ ಹೆಸರೇನು, ಮಂಡಿ ಸವೆತಕ್ಕೆ ಬಳಸಲು ಔಷಧ ನಿಯಂತ್ರಕರ ಅನುಮತಿ ಇದೆಯಾ, ಫಲ ಸಿಗದಿದ್ದರೆ ಮುಂದೇನು. ಬರೆದು ಕೊಡಲು ಹಿಂಜರಿದರೆ ಎದ್ದು ಬನ್ನಿ.

ಮಂಡಿಯಲ್ಲಿ ನೀರು ತುಂಬಿದೆ. ಒಂದು ಸಲ ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತೆ ಅಂತಾರಲ್ಲ?

ತೆಗೆಸಿದ್ದರಿಂದ ತುಂಬುವುದಿಲ್ಲ. ಒಳಗಿನ ಉರಿಯೂತ ಹಾಗೇ ಇದ್ದರೆ ತುಂಬುತ್ತದೆ, ತೆಗೆದರೂ ತುಂಬುತ್ತದೆ, ತೆಗೆಯದಿದ್ದರೂ ಇರುತ್ತದೆ. ನೀರು ಬಿಗಿದಿದ್ದಾಗ ತೊಡೆಯ ಸ್ನಾಯು ಸರಿಯಾಗಿ ಬಿಗಿಯಲು ಆಗುವುದೇ ಇಲ್ಲ, ಹಾಗಾಗಿ ತೆಗೆಸಿದರೆ ವ್ಯಾಯಾಮಕ್ಕೂ ಅನುಕೂಲ. ಮೊದಲ ಸಲ ತೆಗೆದ ನೀರನ್ನು, ಅದರಲ್ಲೂ ಅನುಮಾನ ಇದ್ದರೆ, ಲ್ಯಾಬಿಗೆ ಕಳಿಸಿ ಗೌಟ್ ಅಥವಾ ಸೋಂಕು ಇದೆಯಾ ಅಂತ ನೋಡುತ್ತಾರೆ. ನೀರು ಕಲಗಚ್ಚಿನ ಹಾಗೆ ಮಂಕಾಗಿದ್ದರೆ ಆ ದಿನ ಸ್ಟೀರಾಯ್ಡ್ ಕೊಡದೆ ತಡೆಯುವ ಡಾಕ್ಟರು ಸರಿಯಾದ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿಯಿರಿ.

ಹೇಗೆ ಕೊಡುತ್ತಾರೆ? ಉಪವಾಸ ಇರಬೇಕಾ? ಅದೇ ದಿನ ಊರಿಗೆ ಹೋಗಬಹುದಾ?

ಉಪವಾಸ ಬೇಡ, ತಿಂಡಿ ತಿಂದು ಹೋಗಿ. ಮಲಗಿಸಿ ಅಥವಾ ಕೂರಿಸಿ, ಮಂಡಿಯನ್ನು ಔಷಧದಿಂದ ಚೆನ್ನಾಗಿ ಒರೆಸಿ, ಮಂಡಿ ಚಿಪ್ಪಿನ ಪಕ್ಕದಿಂದ ಸೂಜಿ ಹಾಕುತ್ತಾರೆ. ಕೆಲವು ನಿಮಿಷದ ಕೆಲಸ. ಸರಿಯಾದ ಜಾಗಕ್ಕೆ ಹೋಗಲಿ ಅಂತ ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವವರೂ ಇದ್ದಾರೆ, ದಪ್ಪ ಮಂಡಿಯವರಿಗೆ ಅದು ಅನುಕೂಲ. ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಕೂತಿದ್ದು ಹೊರಡಬಹುದು. ಮಳವಳ್ಳಿಗೋ ನಾಗಮಂಗಲಕ್ಕೋ ಬಸ್ಸಿನಲ್ಲಿ ಹೋಗಲು ಅಡ್ಡಿಯಿಲ್ಲ, ಸೀಟು ಸಿಗುವ ಬಸ್ಸಿಗೆ ಕಾಯಿರಿ. ಸ್ಕೂಟರ್ ಓಡಿಸಿಕೊಂಡು ಬರಬೇಡಿ. ಎರಡು ದಿನ ಹೊಲ, ಗದ್ದೆ, ಭಾರ ಎತ್ತುವುದು ಬೇಡ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಮಂಡಿಯ ಮೇಲೆ ಗಾಯ, ಕುರು, ಹುಳುಕಡ್ಡಿ ಇದ್ದರೆ, ಜ್ವರ ಇದ್ದರೆ ಅವತ್ತು ಹಾಕಿಸಬಾರದು.

ಯಾವಾಗ ಗಾಬರಿ ಆಗಬೇಕು?

ಮಂಡಿ ಬಿಸಿಯಾಗಿ ಕೆಂಪಾಗಿ ಊದಿದರೆ, ಜ್ವರ ಅಥವಾ ಚಳಿ ಬಂದರೆ, ಕಾಲು ಊರಲೂ ಆಗದಷ್ಟು ನೋವು ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಅದು ಕೀಲಿನೊಳಗಿನ ಸೋಂಕು ಇರಬಹುದು. ಸಾವಿರಾರು ಜನರಲ್ಲಿ ಒಬ್ಬರಿಗೆ ಆಗುವಂಥದ್ದು, ಆದರೆ ಬಂದರೆ ಕೀಲನ್ನೇ ಹಾಳು ಮಾಡುತ್ತದೆ. ಭಾನುವಾರ, ಹಬ್ಬ ಅಂತ ನೋಡದೆ ಅದೇ ದಿನ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಿಸಿ ಶಾಖ, ಎಣ್ಣೆ ಉಜ್ಜುವುದು, ನಾಳೆ ನೋಡೋಣ ಅನ್ನುವುದು ಯಾವುದೂ ಬೇಡ.

ಊರಿನ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಒಂದು ಸೂಜಿ ಹಾಕಿದರೆ ವಾರ ಆರಾಮ. ಅದೂ ಇದೂ ಒಂದೇ ಅಲ್ವಾ?

ಒಂದೇ ಅಲ್ಲ. ಸೊಂಟಕ್ಕೆ ಹಾಕಿದ ಔಷಧ ಇಡೀ ಮೈಗೆ ಹರಡುತ್ತದೆ. ಅದು ನೋವಿನ ಔಷಧವೋ ಸ್ಟೀರಾಯ್ಡೋ ಅಂತ ಹಲವರಿಗೆ ಗೊತ್ತೂ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೀಗೆ ಹಾಕಿಸುತ್ತಾ ಹೋದರೆ ಶುಗರ್, ಬಿಪಿ, ಕಿಡ್ನಿ, ಮೂಳೆ ಎಲ್ಲದರ ಮೇಲೂ ಹೊಡೆತ. ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳ ವಿಷಯದಲ್ಲೂ ಇದೇ ಮಾತು. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಜಾಸ್ತಿಯಾಗಿ, ಮುಖ ತುಂಬಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಪಡಿ. ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಪೊಟ್ಟಣ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ನರಕ್ಕೆ ಕೊಡುವ ಇಂಜೆಕ್ಷನ್ ಅಂತ ಬೇರೆ ಇದೆಯಂತೆ?

ಇದೆ. ಮಂಡಿಯ ನೋವನ್ನು ಮೆದುಳಿಗೆ ಒಯ್ಯುವ ಸಣ್ಣ ನರಗಳ ಸುತ್ತ ಮೊದಲು ಮರಗಟ್ಟಿಸುವ ಮದ್ದು ಕೊಟ್ಟು ನೋಡುತ್ತಾರೆ. ಅದರಿಂದ ನೋವು ಚೆನ್ನಾಗಿ ಇಳಿದರೆ ಆ ನರಗಳನ್ನು ರೇಡಿಯೋ ತರಂಗದ ಬಿಸಿಯಿಂದ ಸುಡುತ್ತಾರೆ. ಆರಾಮ ಆರು ತಿಂಗಳವರೆಗೆ, ಕೆಲವರಿಗೆ ಇನ್ನೂ ಜಾಸ್ತಿ. ನಡೆಯುವ ಶಕ್ತಿಗೆ ಇದರಿಂದ ಧಕ್ಕೆ ಇಲ್ಲ. ಹೃದಯದ ತೊಂದರೆಯಿಂದಲೋ ವಯಸ್ಸಿನಿಂದಲೋ ಆಪರೇಷನ್ ಮಾಡಿಸಲಾಗದವರು ಪೇನ್ ಕ್ಲಿನಿಕ್‌ನಲ್ಲಿ ವಿಚಾರಿಸಬಹುದು.

ನೋವು ಹೋದ ಮೇಲೂ ವ್ಯಾಯಾಮ ಬೇಕಾ?

ಆಗಲೇ ಬೇಕು. ನೋವಿದ್ದಾಗ ನೀವು ಮಾಡಲಾಗದೆ ಬಿಟ್ಟಿದ್ದು ಇದೇ ವ್ಯಾಯಾಮ ಅಲ್ವಾ?

2020ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಿಂದ ಬಂದ ಅಧ್ಯಯನ ನನ್ನ ಕೆಲಸಕ್ಕೆ ತುಂಬಾ ಹತ್ತಿರದ್ದು. 156 ಜನರಲ್ಲಿ ಅರ್ಧ ಜನಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಅರ್ಧ ಜನಕ್ಕೆ ಫಿಸಿಯೋಥೆರಪಿ. ನೋವು, ಬಿಗಿತ, ಓಡಾಟದ ಕಷ್ಟ ಸೇರಿಸಿ 240ರ ಅಳತೆ. ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಶುರುವಿನಲ್ಲಿ ಇಬ್ಬರದ್ದೂ 107, 108ರ ಹತ್ತಿರ ಇತ್ತು. ವರ್ಷದ ಕೊನೆಗೆ ಇಂಜೆಕ್ಷನ್ ಪಡೆದವರದ್ದು 55.8, ಫಿಸಿಯೋ ಮಾಡಿದವರದ್ದು 37. ಅಂದರೆ ಇಂಜೆಕ್ಷನ್ ಪಡೆದವರಿಗೂ ಗುಣ ಕಂಡಿದೆ, ವ್ಯಾಯಾಮ ಮಾಡಿದವರಿಗೆ ಅದಕ್ಕಿಂತ ಜಾಸ್ತಿ. ಫಿಸಿಯೋ ಅಂದರೆ ಬರೀ ಕರೆಂಟು ಕೊಡಿಸಿಕೊಂಡು, ಬಿಸಿ ಮೇಣ ಹಚ್ಚಿಸಿಕೊಂಡು ಹೋಗುವುದಲ್ಲ. ಅವು ಆ ಹೊತ್ತಿಗೆ ಹಿತ, ಅಷ್ಟೇ. ಬಲ ಬರುವುದು ಸ್ನಾಯು ದುಡಿದಾಗ.

ಇಂಜೆಕ್ಷನ್ ಆದ ಎರಡು ದಿನದ ನಂತರ ನಿಧಾನವಾಗಿ ಶುರು ಮಾಡಿ. ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದು ಕಾಲನ್ನು ನೇರವಾಗಿಟ್ಟು ಒಂದು ಅಡಿ ಮೇಲೆತ್ತಿ, ಐದು ಎಣಿಸಿ, ಇಳಿಸಿ. ಹತ್ತು ಸಲ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಹಿಡಿಯುವುದು ಇನ್ನೊಂದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಸ್ವಲ್ಪ ಬಲ ಬಂದ ಮೇಲೆ. ಬೆಳಗ್ಗೆ, ಸಂಜೆ ಮಾಡಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮಾರನೇ ದಿನಕ್ಕೂ ನೋವು ಏರಿಯೇ ಇದ್ದರೆ ಕಡಿಮೆ ಮಾಡಿ. ಎಂಟು ಹತ್ತು ವಾರ ಬಿಡದೆ ಮಾಡಿದರೆ ಕಾಲು ನಿಮ್ಮ ಮಾತು ಕೇಳಲು ಶುರುವಾಗುತ್ತದೆ.

ತೂಕದ ಲೆಕ್ಕವೂ ಇದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿ ಕಡಿಮೆ. ಐದು ಕೆಜಿ ಇಳಿದರೆ ಇಪ್ಪತ್ತು. ಮುದ್ದೆ ಬಿಡಬೇಕಾಗಿಲ್ಲ, ಒಂದೂವರೆ ಬದಲು ಒಂದು ಮಾಡಿ, ಸೊಪ್ಪು, ಕಾಳು ಜಾಸ್ತಿ ಮಾಡಿ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ ಇಳಿಸಿ.

ಕೆಲಸ ಬಿಡಲು ಆಗಲ್ಲ. ಕಳೆ ಕೀಳಬೇಕು, ಹಾಲು ಕರೆಯಬೇಕು. ಏನು ಮಾಡಲಿ?

ಬಿಡಿ ಅಂತ ಹೇಳುವುದಿಲ್ಲ, ಬಿಡಲಾಗದು ಅಂತ ಗೊತ್ತು. ಕುಕ್ಕರುಗಾಲಲ್ಲಿ ಕೂರುವುದನ್ನು ಮಾತ್ರ ಆದಷ್ಟು ತಪ್ಪಿಸಿ, ಮಂಡಿ ಪೂರ್ತಿ ಮಡಚಿದಾಗ ಒತ್ತಡ ವಿಪರೀತ. ಹಾಲು ಕರೆಯಲು ಒಂದಡಿ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ. ಈಳಿಗೆ ಮಣೆಯನ್ನು ಪಕ್ಕಕ್ಕಿಟ್ಟು, ನಿಂತು ಚಾಕುವಿನಲ್ಲಿ ತರಕಾರಿ ಹೆಚ್ಚಿ. ಕಳೆ ಕೀಳುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಪಾಯಿಖಾನೆ ಕೆಳಗೆ ಕೂರುವಂಥದ್ದಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ನನ್ನ ಕೇಳಿದರೆ ಮನೆಯವರು ಅಮ್ಮನಿಗೆ ಮೊದಲು ಕೊಡಿಸಬೇಕಾದ್ದು ಅದನ್ನೇ. ನಡೆಯುವಾಗ ಕೋಲು ಬೇಕಿದ್ದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ.

ಆಷಾಢದಲ್ಲಿ ಚಾಮುಂಡಿ ಬೆಟ್ಟ ಮೆಟ್ಟಿಲಲ್ಲಿ ಹತ್ತಬೇಕು ಅಂತ ಹರಕೆ ಇದೆ.

ಸುಮಾರು ಸಾವಿರ ಮೆಟ್ಟಿಲು. ಇಂಜೆಕ್ಷನ್ ಆದ ಮೊದಲ ವಾರಗಳಲ್ಲಿ ಬೇಡ, ನೋವು ಗೊತ್ತಾಗದೆ ಮಿತಿ ಮೀರುತ್ತೀರಿ. ಬಲ ಬಂದ ಮೇಲೆ ನಿಧಾನವಾಗಿ ಹತ್ತಿ, ಇಳಿಯುವಾಗ ಬಸ್ಸಿನಲ್ಲಿ ಬನ್ನಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವಾಗ ಕಷ್ಟ ಸಾಮಾನ್ಯವಾಗಿ ಜಾಸ್ತಿ.

ಖರ್ಚು ಎಷ್ಟು?

ಸ್ಟೀರಾಯ್ಡ್ ಔಷಧ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಕೊಡುವವರ ಫೀಸು ಬೇರೆ. ಜೆಲ್, ಪಿಆರ್‌ಪಿ ಎರಡೂ ಸಾವಿರಗಳ ಲೆಕ್ಕ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆಗಳು, ಎರಡರಲ್ಲೂ ಮೂಳೆ ವಿಭಾಗ ಇದೆ, ಖಾಸಗಿ ಕಡೆ ಸಾವಿರಾರು ರೂಪಾಯಿ ಕಟ್ಟುವ ಮುಂಚೆ ಅಲ್ಲಿ ಒಮ್ಮೆ ತೋರಿಸಿ, ಅಭಿಪ್ರಾಯ ತೆಗೆದುಕೊಳ್ಳಿ. ಅತಿ ದುಬಾರಿಯಾದದ್ದೇ ಅತಿ ಒಳ್ಳೆಯದು ಅನ್ನುವ ನಂಬಿಕೆ ಮಂಡಿ ಇಂಜೆಕ್ಷನ್ ವಿಷಯದಲ್ಲಂತೂ ಸುಳ್ಳು.

ಇಂಜೆಕ್ಷನ್ ಹಾಕಿಸಿದರೆ ಆಪರೇಷನ್ ತಪ್ಪುತ್ತಾ? ಮುಂದೆ ಮಾಡಿಸಲು ತೊಂದರೆ ಆಗುತ್ತಾ?

ಕೆಲವರಿಗೆ ಮುಂದಕ್ಕೆ ಹೋಗುತ್ತದೆ, ವ್ಯಾಯಾಮ, ತೂಕ ಇಳಿಕೆ ಎರಡೂ ಸೇರಿದರೆ ಎಷ್ಟೋ ಜನಕ್ಕೆ ಬೇಕಾಗುವುದೇ ಇಲ್ಲ. ರಾತ್ರಿ ನಿದ್ದೆ ಬರದಷ್ಟು ನೋವು, ಮನೆಯೊಳಗೆ ನಡೆಯಲೂ ಕಷ್ಟ, ಕಾಲು ಬಾಗಿದೆ, ಏನು ಮಾಡಿದರೂ ಕೇಳುತ್ತಿಲ್ಲ ಅಂದರೆ ಕೀಲು ಬದಲಿ ಆಪರೇಷನ್ ಒಳ್ಳೆಯ ಚಿಕಿತ್ಸೆ. ಅದಕ್ಕೆ ಹೆದರಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸುತ್ತಾ ವರ್ಷಗಳನ್ನು ಕಳೆದರೆ ಸ್ನಾಯು ಸೊರಗುತ್ತದೆ, ಆಮೇಲೆ ಮಾಡಿಸಿದರೂ ಚೇತರಿಕೆ ನಿಧಾನ. ಬದಲಿ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ತೋರಿಸಿ ಅಂತ ಕೇಳಬಹುದು.

ಆಪರೇಷನ್ ಯೋಚನೆ ಇದ್ದರೆ ಇಂಜೆಕ್ಷನ್ ಹಾಕಿಸುವ ಮುಂಚೆಯೇ ಹೇಳಿ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಅಪಾಯ ಏರುತ್ತದೆ, ಅದಕ್ಕೇ ಸರ್ಜನ್‌ಗಳು ಅಷ್ಟು ಅಂತರ ಕೇಳುತ್ತಾರೆ. ಹಳೇ ಚೀಟಿ, ಎಕ್ಸ್‌ರೇ, ಇಂಜೆಕ್ಷನ್ ಹೆಸರು, ಹಾಕಿಸಿದ ತಾರೀಕು ಎಲ್ಲವನ್ನೂ ಒಂದೇ ಕವರಿನಲ್ಲಿ ಇಟ್ಟು, ಯಾವ ಡಾಕ್ಟರ ಹತ್ತಿರ ಹೋದರೂ ಆ ಕವರ್ ತೆಗೆದುಕೊಂಡೇ ಹೋಗಿ.